ಬಾವುಟ ಒಂದು ದೇಶದ್ದು, ಹಡಗಿನಲ್ಲಿರೋರು ಇನ್ನೊಂದು ದೇಶದೋರು: ಯುದ್ಧದ ನಡುವೆ ಕಾಪಾಡೋದು ಯಾರು?



ಹೋದ ವಾರ ಕುಂದಾಪುರದಿಂದ ಒಬ್ಬ ಕೇಳುಗರು ವಾಯ್ಸ್ ನೋಟ್ ಕಳಿಸಿದ್ರು. ಅವರ ತಮ್ಮ ಮರ್ಚೆಂಟ್ ನೇವಿಯಲ್ಲಿ ಡೆಕ್ ಕೆಡೆಟ್. ಮೊದಲನೇ ಹಡಗು. ‘ಸರ್, ನ್ಯೂಸಲ್ಲಿ ದಿನಾ ಹಡಗಿಗೆ ಡ್ರೋನ್ ಹೊಡೆದ್ರು, ಹಡಗು ಹಿಡಿದ್ರು ಅಂತ ಬರ್ತದೆ. ತಮ್ಮ ಇರೋ ಹಡಗಿನ ಬಾವುಟ ಪನಾಮಾದ್ದು, ಓನರ್ ಯಾರು ಅಂತ ಅವನಿಗೇ ಗೊತ್ತಿಲ್ಲ. ನಾಳೆ ಏನಾದ್ರೂ ಆದ್ರೆ ನಾವು ಯಾರನ್ನ ಕೇಳೋದು? ಅಮ್ಮ ರಾತ್ರಿ ನಿದ್ದೆ ಮಾಡೋದಿಲ್ಲ’ ಅಂದ್ರು. ನಲವತ್ತು ಸೆಕೆಂಡಿನ ವಾಯ್ಸ್ ನೋಟ್. ಅದಕ್ಕೆ ಉತ್ತರ ಕೊಡೋಕೆ ಒಂದು ಇಡೀ ಸಂಚಿಕೆ ಬೇಕು ಅನ್ನಿಸ್ತು. ಹಾಗಾಗಿ ಇವತ್ತಿನ ವಿಷಯ ಇದೇ. ಯುದ್ಧ ನಡೀತಾ ಇರುವಾಗ, ಆ ಯುದ್ಧಕ್ಕೆ ಸಂಬಂಧವೇ ಇಲ್ಲದ ಬೇರೆ ದೇಶದ ಜನರನ್ನ, ಹಡಗುಗಳನ್ನ ಯಾರು, ಹೇಗೆ ಕಾಪಾಡ್ತಾರೆ?

ನೇರವಾಗಿ ಒಂದು ಘಟನೆಗೆ ಹೋಗೋಣ. 2024ರ ಏಪ್ರಿಲ್ 13. ಹೋರ್ಮುಜ್ ಜಲಸಂಧಿ, ಅಂದ್ರೆ ಇರಾನ್ ಮತ್ತು ಒಮಾನ್ ನಡುವಿನ ಆ ಇಕ್ಕಟ್ಟಾದ ಸಮುದ್ರ ದಾರಿ. ಅದರ ಹತ್ತಿರ ‘ಎಂಎಸ್‌ಸಿ ಏರೀಸ್’ ಅನ್ನೋ ಕಂಟೇನರ್ ಹಡಗಿನ ಮೇಲೆ ಇರಾನಿನ ರೆವಲ್ಯೂಷನರಿ ಗಾರ್ಡ್ ಕಮಾಂಡೋಗಳು ಹೆಲಿಕಾಪ್ಟರಿನಿಂದ ಹಗ್ಗ ಬಿಟ್ಟು ಇಳೀತಾರೆ. ಹಡಗನ್ನ ಇರಾನಿನ ಕಡೆಗೆ ತಿರುಗಿಸ್ತಾರೆ. ಅದೇ ರಾತ್ರಿ ಇರಾನ್ ಇಸ್ರೇಲ್ ಮೇಲೆ ನೂರಾರು ಡ್ರೋನ್, ಕ್ಷಿಪಣಿ ಹಾರಿಸುತ್ತೆ.

ಈಗ ಹಡಗಿನ ಲೆಕ್ಕ ನೋಡಿ. ಬಾವುಟ ಪೋರ್ಚುಗಲ್‌ದು. ಅದನ್ನ ನಡೆಸ್ತಾ ಇದ್ದ ಎಂಎಸ್‌ಸಿ ಕಂಪನಿಯ ಮುಖ್ಯ ಕಚೇರಿ ಸ್ವಿಟ್ಜರ್ಲೆಂಡಿನಲ್ಲಿ. ಮಾಲೀಕತ್ವದ ಎಳೆ ಹಿಡಿದುಕೊಂಡು ಹೋದ್ರೆ ಸಿಗೋದು ಇಸ್ರೇಲಿ ಉದ್ಯಮಿಯೊಬ್ಬರ ಸಮೂಹ. ಇರಾನಿಗೆ ಬೇಕಾಗಿದ್ದದ್ದು ಈ ಕೊನೇ ಎಳೆ. ಆದರೆ ಹಡಗಿನ ಒಳಗೆ ಇದ್ದವರು? ಒಟ್ಟು 25 ಜನ. ಅದರಲ್ಲಿ 17 ಜನ ಭಾರತೀಯರು. ಉಳಿದವರು ಫಿಲಿಪೀನ್ಸ್, ಪಾಕಿಸ್ತಾನ, ರಷ್ಯಾ, ಎಸ್ಟೋನಿಯಾದವರು. ಇಸ್ರೇಲಿನವರು ಒಬ್ಬರೂ ಇಲ್ಲ, ಪೋರ್ಚುಗಲ್‌ನವರು ಒಬ್ಬರೂ ಇಲ್ಲ.

ಕಾನೂನಿನ ಪ್ರಕಾರ ಹಡಗಿಗೆ ಮೊದಲು ಜವಾಬ್ದಾರ ಅದರ ಬಾವುಟದ ದೇಶ. ಸಮುದ್ರ ಕಾನೂನಿನಲ್ಲಿ ಬಾವುಟ ಅಂದ್ರೆ ಗಾಡಿಯ ನಂಬರ್ ಪ್ಲೇಟ್ ಇದ್ದ ಹಾಗೆ ಅಂದ್ಕೊಳ್ಳಿ. ಯಾವ ರಾಜ್ಯದ ರಿಜಿಸ್ಟ್ರೇಷನ್ನೋ ಆ ರಾಜ್ಯದ ದಾಖಲೆಯಲ್ಲಿ ಗಾಡಿ ಇರುತ್ತೆ. ಆದರೆ ಪನಾಮಾ, ಲೈಬೀರಿಯಾ, ಮಾರ್ಷಲ್ ದ್ವೀಪಗಳು, ಈ ಥರದ ದೇಶಗಳ ಬಾವುಟ ಹಾರಿಸೋ ಸಾವಿರಾರು ಹಡಗುಗಳಿವೆ. ತೆರಿಗೆ ಕಡಿಮೆ, ನಿಯಮ ಸಡಿಲ ಅಂತ ಕಂಪನಿಗಳು ಅಲ್ಲಿ ನೋಂದಣಿ ಮಾಡಿಸ್ತವೆ. ಯುದ್ಧ ಬಂದಾಗ ಆ ಪುಟ್ಟ ದೇಶಗಳ ಹತ್ತಿರ ಕಳಿಸೋಕೆ ಯುದ್ಧನೌಕೆ ಇರಲ್ಲ, ಎಷ್ಟೋ ಕಡೆ ರಾಯಭಾರ ಕಚೇರಿಯೂ ಇರಲ್ಲ. ಆಗ ಉಳಿಯೋದು ನಾವಿಕರ ಸ್ವಂತ ದೇಶ. ಪಾಸ್‌ಪೋರ್ಟಿನ ದೇಶ.

ಪಾಸ್‌ಪೋರ್ಟಿನ ದೇಶಕ್ಕೆ ಇರೋ ಮುಖ್ಯ ಹಕ್ಕು ಯಾವುದು? 1963ರ ವಿಯೆನ್ನಾ ಒಪ್ಪಂದ ಅಂತ ಒಂದಿದೆ. ಅದರ 36ನೇ ವಿಧಿ ಹೇಳೋದು ಇಷ್ಟು: ಒಂದು ದೇಶ ಬೇರೆ ದೇಶದ ಪ್ರಜೆಯನ್ನ ಹಿಡಿದಿಟ್ಟುಕೊಂಡ್ರೆ, ಆತ ಕೇಳಿದಾಗ ಅವನ ದೇಶದ ಕಾನ್ಸುಲೇಟಿಗೆ ತಡ ಮಾಡದೆ ತಿಳಿಸಬೇಕು. ಆ ಅಧಿಕಾರಿಗಳು ಬಂದು ಅವನನ್ನ ನೋಡಬಹುದು, ಮಾತಾಡಬಹುದು, ವಕೀಲರನ್ನ ಗೊತ್ತು ಮಾಡಬಹುದು. ಇದನ್ನೇ ‘ಕಾನ್ಸುಲರ್ ಆಕ್ಸೆಸ್’ ಅನ್ನೋದು. ಕುಲಭೂಷಣ್ ಜಾಧವ್ ಕೇಸಲ್ಲಿ ಈ ಪದ ಕೇಳಿರ್ತೀರಿ. 2019ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ ಪಾಕಿಸ್ತಾನ ಇದೇ ವಿಧಿಯನ್ನ ಮುರಿದಿದೆ ಅಂತ ತೀರ್ಪು ಕೊಡ್ತು.

ಕೇಳೋಕೆ ಸಣ್ಣ ಹಕ್ಕು ಅನ್ನಿಸಬಹುದು. ಬಿಡಿಸಿ ಕರ್ಕೊಂಡು ಬರೋ ಹಕ್ಕಲ್ಲ, ಬರೀ ಹೋಗಿ ನೋಡೋ ಹಕ್ಕು. ಆದರೆ ಮನೆಯವರ ಜಾಗದಲ್ಲಿ ನಿಂತು ಯೋಚನೆ ಮಾಡಿ. ‘ನಮ್ಮ ಅಧಿಕಾರಿ ಹೋಗಿ ನೋಡಿದ್ರು, ಊಟ ಮಾಡಿದಾನೆ, ಚೆನ್ನಾಗಿದಾನೆ’ ಅನ್ನೋ ಒಂದು ಮಾತಿಗೋಸ್ಕರ ಎಷ್ಟು ಜನ ಕಾಯ್ತಾ ಇರ್ತಾರೆ. ಅಷ್ಟೇ ಅಲ್ಲ, ಒಮ್ಮೆ ಅಧಿಕಾರಿ ಹೋಗಿ ಹೆಸರು ಬರ್ಕೊಂಡು ಬಂದ ಮೇಲೆ ಆ ವ್ಯಕ್ತಿ ಕಾಣೆಯಾಗೋದು ಕಷ್ಟ. ಹಿಡಿದಿಟ್ಟವರಿಗೆ ಒಂದು ಲೆಕ್ಕ ಕೊಡಬೇಕಾಗುತ್ತೆ.

ಏರೀಸ್ ವಿಷಯದಲ್ಲಿ ಆಗಿದ್ದೂ ಹೀಗೇ. ಮರುದಿನವೇ, ಏಪ್ರಿಲ್ 14ರಂದು, ವಿದೇಶಾಂಗ ಸಚಿವ ಎಸ್. ಜೈಶಂಕರ್ ಇರಾನಿನ ವಿದೇಶಾಂಗ ಸಚಿವ ಹುಸೇನ್ ಅಮೀರ್ ಅಬ್ದುಲ್ಲಾಹಿಯಾನ್ ಅವರಿಗೆ ಫೋನ್ ಮಾಡಿ ಮಾತಾಡಿದ್ರು. ನಮ್ಮ ಅಧಿಕಾರಿಗಳಿಗೆ ಸಿಬ್ಬಂದಿಯನ್ನ ಭೇಟಿಯಾಗೋಕೆ ಬಿಡ್ತೀವಿ ಅಂತ ಇರಾನ್ ಒಪ್ಪಿಕೊಳ್ತು. ಏಪ್ರಿಲ್ 18ಕ್ಕೆ ಹಡಗಿನಲ್ಲಿದ್ದ ಕೇರಳದ ಯುವತಿ, ಆಕೆಯೂ ಡೆಕ್ ಕೆಡೆಟ್ಟೇ, ಕೊಚ್ಚಿ ವಿಮಾನ ನಿಲ್ದಾಣದಲ್ಲಿ ಇಳಿದ್ರು. ಮೇ 9ಕ್ಕೆ ಇನ್ನೂ ಐದು ಭಾರತೀಯರ ಬಿಡುಗಡೆ ಆಯ್ತು. ಗಮನಿಸಿ, ಎಲ್ಲರೂ ಒಟ್ಟಿಗೆ ಬರಲಿಲ್ಲ. ಬಂಧನದಲ್ಲಿರೋ ಹಡಗಿಗೂ ಜನ ಬೇಕು. ಜನರೇಟರ್ ಓಡ್ತಿರಬೇಕು, ಲಂಗರು ನೋಡ್ಕೋಬೇಕು. ನಾವಿಕರಿಗೆ ಕಂಪನಿ ಜೊತೆ ಒಪ್ಪಂದವೂ ಇರುತ್ತೆ. ಹೀಗಾಗಿ ಇಂಥ ಬಿಡುಗಡೆ ಕಂತು ಕಂತಾಗಿ ಆಗುತ್ತೆ. ನಮ್ಮ ಕೇಳುಗರಿಗೆ ಇದು ಮೊದಲೇ ಗೊತ್ತಿರಲಿ. ಸಿನಿಮಾ ಥರ ಒಂದೇ ಸೀನಲ್ಲಿ ಮುಗಿಯೋ ಕೆಲಸ ಇದಲ್ಲ.

ಈ ಇಡೀ ಸಂಚಿಕೆಯಲ್ಲಿ ನಾನು ಹೇಳಬೇಕು ಅಂದ್ಕೊಂಡಿರೋ ಮುಖ್ಯ ವಿಷಯ ಇಲ್ಲಿದೆ. ಜೈಶಂಕರ್ ಫೋನ್ ಮಾಡಿದಾಗ ಆ ಕಡೆಯವರು ಎತ್ತಿಕೊಂಡ್ರಲ್ಲ, ಅದು ಸುಮ್ಮನೆ ಆಗಿದ್ದಲ್ಲ. ಯುದ್ಧ ಮಾಡ್ತಿರೋ ಎರಡೂ ಕಡೆಯವರ ಜೊತೆ ಮಾತು ಉಳಿಸಿಕೊಂಡಿದ್ದರೆ ಮಾತ್ರ ಅಂಥ ಫೋನ್ ಎತ್ತುತ್ತಾರೆ. ಆ ಮಾತನ್ನ ಯುದ್ಧಕ್ಕೆ ಮೊದಲೇ, ವರ್ಷಗಟ್ಟಲೆ ಉಳಿಸಿಕೊಂಡು ಬಂದಿರಬೇಕು. ಅದಕ್ಕೆ ಒಂದು ಬೆಲೆಯೂ ಇದೆ. ಆ ಬೆಲೆ ಏನು ಅಂತ ತಿಳ್ಕೊಳ್ಳೋಕೆ 1990ಕ್ಕೆ ಹೋಗೋಣ.

‘ಏರ್‌ಲಿಫ್ಟ್’ ಸಿನಿಮಾ ನೋಡಿರ್ತೀರಿ. ಅಕ್ಷಯ್ ಕುಮಾರ್ ಹೀರೋ. ಸಿನಿಮಾದಲ್ಲಿ ಒಬ್ಬ ಬಿಸಿನೆಸ್‌ಮನ್ ಎಲ್ಲರನ್ನೂ ಕಾಪಾಡ್ತಾನೆ. ಆ ಪಾತ್ರ ಕಲ್ಪನೆ. ಕುವೈತಿನಲ್ಲಿದ್ದ ಭಾರತೀಯ ಸಮುದಾಯದವರು ತಾವೇ ಕ್ಯಾಂಪ್ ನಡೆಸಿದ್ದು, ಊಟ ಹಂಚಿದ್ದು ನಿಜ. ಆದರೆ ಸಿನಿಮಾದಲ್ಲಿ ಅಷ್ಟಾಗಿ ಕಾಣಿಸದ ಇನ್ನೊಂದು ಕಥೆ ಇದೆ.

1990ರ ಆಗಸ್ಟ್ 2ರಂದು ಸದ್ದಾಂ ಹುಸೇನ್‌ನ ಇರಾಕ್ ಸೇನೆ ಕುವೈತಿಗೆ ನುಗ್ಗಿತು. ಅಲ್ಲಿ ಸುಮಾರು 1,70,000 ಭಾರತೀಯರಿದ್ರು. ಕರಾವಳಿಯ ಎಷ್ಟೋ ಮನೆಗಳ ಅಣ್ಣ, ಅಕ್ಕ, ಅಪ್ಪ ಅಲ್ಲಿದ್ರು. ಬ್ಯಾಂಕ್ ಮುಚ್ಚಿತು, ಕೈಯಲ್ಲಿದ್ದ ದಿನಾರಿಗೆ ಬೆಲೆ ಇಲ್ಲ, ಮನೆಗೆ ಫೋನ್ ಹೋಗಲ್ಲ. ವಾಟ್ಸಾಪ್ ಇಲ್ಲದ ಕಾಲ ಅನ್ನೋದು ನೆನಪಿರಲಿ.

ಆಗಸ್ಟ್ 18ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 664ನೇ ನಿರ್ಣಯ ಅಂಗೀಕರಿಸ್ತು. ಕುವೈತ್ ಮತ್ತು ಇರಾಕಿನಲ್ಲಿರೋ ಬೇರೆ ದೇಶದ ಜನರನ್ನ ಹೋಗೋಕೆ ಬಿಡಿ, ಅವರ ಕಾನ್ಸುಲರ್ ಅಧಿಕಾರಿಗಳು ಭೇಟಿ ಮಾಡೋಕೆ ಬಿಡಿ ಅಂತ ಇರಾಕಿಗೆ ಹೇಳ್ತು. ಪೇಪರ್ ಮೇಲೆ ಎಲ್ಲ ದೇಶದವರಿಗೂ ಒಂದೇ ಹಕ್ಕು. ನೆಲದ ಮೇಲೆ ಹಾಗಾಗಲಿಲ್ಲ. ನೂರಾರು ಪಾಶ್ಚಾತ್ಯ ಪ್ರಜೆಗಳನ್ನ ಸದ್ದಾಂ ‘ಅತಿಥಿಗಳು’ ಅಂತ ಕರೆದು ಹಿಡಿದಿಟ್ಟುಕೊಂಡ. ಬಾಂಬ್ ಬೀಳಬಹುದಾದ ಜಾಗಗಳಲ್ಲಿ ಅವರನ್ನ ಗುರಾಣಿ ಥರ ಇಟ್ಟ. ಡಿಸೆಂಬರ್ ತನಕ ಬಿಡಲಿಲ್ಲ.

ಭಾರತದ ವಿದೇಶಾಂಗ ಸಚಿವರಾಗಿದ್ದವರು ಐ. ಕೆ. ಗುಜ್ರಾಲ್. ಅವರು ಆಗಸ್ಟಿನಲ್ಲೇ ಬಾಗ್ದಾದಿಗೆ ಹೋಗಿ ಸದ್ದಾಂನನ್ನ ಭೇಟಿಯಾದ್ರು. ಸದ್ದಾಂ ಅವರನ್ನ ಅಪ್ಪಿಕೊಂಡ. ಆ ಫೋಟೋ ಜಗತ್ತಿನ ಪೇಪರುಗಳಲ್ಲಿ ಬಂತು. ನೆರೆಯ ಪುಟ್ಟ ದೇಶವನ್ನ ನುಂಗಿದವನ ಜೊತೆ ಭಾರತದ ಮಂತ್ರಿ ಅಪ್ಪುಗೆ ಅಂತ ಟೀಕೆ ಬಂತು. ಆ ಟೀಕೆಯಲ್ಲಿ ಹುರುಳಿರಲಿಲ್ಲ ಅಂತ ನಾನು ಹೇಳಲ್ಲ. ದೇಶ ಕಳ್ಕೊಂಡ ಕುವೈತಿಗಳಿಗೆ ಆ ಫೋಟೋ ನೋಡಿ ಹೇಗನ್ನಿಸಿರಬೇಕು? ಭಾರತ ಗಟ್ಟಿಯಾಗಿ ಖಂಡಿಸಲಿಲ್ಲ ಅನ್ನೋ ಬೇಸರ ಅವರಲ್ಲಿ ಬಹಳ ಕಾಲ ಉಳೀತು. ಇದೇ ನಾನು ಹೇಳಿದ ಬೆಲೆ.

ಆದರೆ ಆ ಭೇಟಿಯಿಂದ ದಾರಿ ತೆರೀತು. ಭಾರತೀಯರು ಕುವೈತಿನಿಂದ ಬಸ್ಸುಗಳಲ್ಲಿ ಬಸ್ರಾ, ಅಲ್ಲಿಂದ ಬಾಗ್ದಾದ್, ಅಲ್ಲಿಂದ ಮರುಭೂಮಿ ದಾಟಿ ಜೋರ್ಡಾನಿನ ಅಮ್ಮಾನ್ ಸೇರಿದ್ರು. ಅಮ್ಮಾನಿನಿಂದ ಏರ್ ಇಂಡಿಯಾ ಸುಮಾರು ಎರಡು ತಿಂಗಳಲ್ಲಿ 488 ವಿಮಾನಗಳಲ್ಲಿ ಜನರನ್ನ ಮುಂಬೈಗೆ ಕರೆತಂತು. ನಾಗರಿಕ ವಿಮಾನ ಸಂಸ್ಥೆಯೊಂದು ನಡೆಸಿದ ಅತಿ ದೊಡ್ಡ ತೆರವು ಅಂತ ಅದು ಗಿನ್ನೆಸ್ ದಾಖಲೆಯಲ್ಲಿದೆ. ಅಷ್ಟೂ ಜನ ಸಾಗಿದ್ದು ಆಕ್ರಮಣ ಮಾಡಿದವನ ನೆಲದ ಮೇಲೆಯೇ, ಅವನ ಅನುಮತಿಯಿಂದಲೇ.

ಇನ್ನೊಂದು ಪುಟ್ಟ ವಿವರ. ಆಗ ಇರಾಕ್ ಮತ್ತು ಕುವೈತಿನ ಮೇಲೆ ವಿಶ್ವಸಂಸ್ಥೆಯ ನಿರ್ಬಂಧ ಇತ್ತು, ಹಡಗು ಹೋಗೋ ಹಾಗಿರಲಿಲ್ಲ. ಆದರೆ ಅಲ್ಲಿ ಸಿಕ್ಕಿಹಾಕಿಕೊಂಡಿದ್ದ ಭಾರತೀಯರು ಊಟ ಮಾಡಬೇಕಲ್ಲ? ಭಾರತ ನ್ಯೂಯಾರ್ಕಿನಲ್ಲಿ ಮಾತಾಡಿ ವಿಶೇಷ ಅನುಮತಿ ತಗೊಂಡು ‘ವಿಶ್ವ ಸಿದ್ಧಿ’ ಅನ್ನೋ ಹಡಗಿನಲ್ಲಿ ಆಹಾರ ಕಳಿಸ್ತು. ಒಂದು ಕಡೆ ಸದ್ದಾಂ ಜೊತೆ ಮಾತು, ಇನ್ನೊಂದು ಕಡೆ ಸದ್ದಾಂನನ್ನ ಕಟ್ಟಿಹಾಕೋಕೆ ಹೊರಟವರ ಜೊತೆಯೂ ಮಾತು. ಎರಡೂ ಕಡೆ ಒಪ್ಪಿದ ಮೇಲೇ ಅಂಥ ಹಡಗು ಮುಂದೆ ಹೋಗೋದು.

ಈಗ ನಿಮ್ಮಲ್ಲಿ ಕೆಲವರು ಕೇಳಬಹುದು, ಇಷ್ಟೆಲ್ಲ ಮಾತು ಯಾಕೆ, ನೌಕಾಪಡೆ ಇಲ್ವಾ, ಯುದ್ಧನೌಕೆ ಕಳಿಸಿ ಹಡಗುಗಳಿಗೆ ಕಾವಲು ಕೊಟ್ರೆ ಆಯ್ತಪ್ಪ ಅಂತ. ಅದನ್ನೂ ಮಾಡಿ ನೋಡಿದಾರೆ. ಎಂಬತ್ತರ ದಶಕದಲ್ಲಿ ಇರಾನ್ ಮತ್ತು ಇರಾಕ್ ಯುದ್ಧ ನಡೀತಿತ್ತು. 1984ರಿಂದ ಇಬ್ಬರೂ ಒಬ್ಬರ ತೈಲ ವ್ಯಾಪಾರವನ್ನ ಒಬ್ಬರು ಮುರಿಯೋಕೆ ವ್ಯಾಪಾರಿ ಹಡಗುಗಳ ಮೇಲೆ ದಾಳಿ ಶುರು ಮಾಡಿದ್ರು. ಅದಕ್ಕೆ ‘ಟ್ಯಾಂಕರ್ ಯುದ್ಧ’ ಅಂತಲೇ ಹೆಸರು. ಕುವೈತ್ ತನ್ನ ಹಡಗುಗಳನ್ನ ಕಾಪಾಡಿ ಅಂತ ಅಮೆರಿಕವನ್ನೂ ಕೇಳ್ತು, ಸೋವಿಯತ್ ಒಕ್ಕೂಟವನ್ನೂ ಕೇಳ್ತು. ಅಮೆರಿಕ 11 ಕುವೈತಿ ಟ್ಯಾಂಕರುಗಳಿಗೆ ತನ್ನದೇ ಬಾವುಟ ಹಾಕಿಸ್ತು. ಬಾವುಟ ಅಮೆರಿಕದ್ದಾದ್ರೆ ಅಮೆರಿಕದ ನೌಕಾಪಡೆ ಕಾವಲು ಕೊಡಬಹುದಲ್ಲ, ಅದಕ್ಕೆ.

1987ರ ಜುಲೈನಲ್ಲಿ ಮೊದಲ ತಂಡ ಹೊರಟಿತು. ಜುಲೈ 24ರಂದು ಅದರಲ್ಲಿದ್ದ ‘ಬ್ರಿಡ್ಜ್‌ಟನ್’ ಅನ್ನೋ ದೈತ್ಯ ಟ್ಯಾಂಕರ್ ಸಮುದ್ರದಲ್ಲಿ ಹಾಕಿದ್ದ ಮೈನ್‌ಗೆ ಬಡೀತು. ಟ್ಯಾಂಕರ್ ದೊಡ್ಡದು, ಮುಳುಗಲಿಲ್ಲ. ಆದರೆ ಕಾವಲಿಗೆ ಬಂದ ಯುದ್ಧನೌಕೆಗಳು ಅದಕ್ಕಿಂತ ಚಿಕ್ಕವು, ಮೈನ್ ತಗುಲಿದ್ರೆ ಉಳಿಯೋದು ಅನುಮಾನ. ಹಾಗಾಗಿ ಏಟು ತಿಂದ ಟ್ಯಾಂಕರ್ ಮುಂದೆ, ಅದನ್ನ ಕಾಯೋಕೆ ಬಂದ ಯುದ್ಧನೌಕೆಗಳು ಅದರ ಹಿಂದೆ ಸಾಲಾಗಿ ಸಾಗಿದವು. ಮುಂದಿನ ವರ್ಷ, 1988ರ ಜುಲೈ 3ರಂದು, ಅಮೆರಿಕದ ‘ವಿನ್‌ಸೆನ್ಸ್’ ಯುದ್ಧನೌಕೆ ಇರಾನಿನ ಪ್ರಯಾಣಿಕ ವಿಮಾನವನ್ನ ಯುದ್ಧವಿಮಾನ ಅಂದ್ಕೊಂಡು ಹೊಡೆದುರುಳಿಸ್ತು. 290 ಜನ ಸತ್ತರು. ಅದರಲ್ಲಿ ಭಾರತೀಯರೂ ಇದ್ರು. ಕೊನೆಗೆ ಹಡಗುಗಳ ಮೇಲಿನ ದಾಳಿ ನಿಂತಿದ್ದು ಆ ವರ್ಷದ ಆಗಸ್ಟಿನಲ್ಲಿ, ಭದ್ರತಾ ಮಂಡಳಿಯ 598ನೇ ನಿರ್ಣಯವನ್ನ ಎರಡೂ ದೇಶ ಒಪ್ಪಿ ಕದನ ವಿರಾಮ ಆದಾಗ.

ಹಾಗಂತ ನೌಕಾಪಡೆ ಬೇಡ ಅಂತಲ್ಲ. ಮಾತಾಡೋಕೆ ಸಮಯವೇ ಇಲ್ಲದಾಗ ಅವರೇ ಬೇಕು. 2024ರ ಜನವರಿ 26ರಂದು, ಇಲ್ಲಿ ನಾವು ಗಣರಾಜ್ಯೋತ್ಸವ ಮಾಡ್ತಾ ಇದ್ದಾಗ, ಏಡನ್ ಕೊಲ್ಲಿಯಲ್ಲಿ ‘ಮಾರ್ಲಿನ್ ಲುವಾಂಡಾ’ ಅನ್ನೋ ತೈಲ ಹಡಗಿಗೆ ಯೆಮೆನ್‌ನ ಹೌತಿಗಳ ಕ್ಷಿಪಣಿ ಬಿದ್ದು ಬೆಂಕಿ ಹೊತ್ಕೊಂಡಿತ್ತು. ಅದರಲ್ಲಿದ್ದವರು 22 ಭಾರತೀಯರು, ಒಬ್ಬ ಬಾಂಗ್ಲಾದೇಶಿ. ‘ಐಎನ್‌ಎಸ್ ವಿಶಾಖಪಟ್ಟಣಂ’ ಅಲ್ಲಿಗೆ ಹೋಗಿ ಬೆಂಕಿ ಆರಿಸೋಕೆ ನೆರವಾಯ್ತು. ಅದೇ ವರ್ಷದ ಮಾರ್ಚ್ 6ರಂದು ‘ಟ್ರೂ ಕಾನ್ಫಿಡೆನ್ಸ್’ ಹಡಗಿಗೆ ಕ್ಷಿಪಣಿ ಬಡಿದಾಗ ಮೂರು ನಾವಿಕರು ಸತ್ತರು. ಉಳಿದವರು ಸಮುದ್ರದಲ್ಲಿ ಲೈಫ್ ರಾಫ್ಟ್‌ನಲ್ಲಿ ತೇಲ್ತಾ ಇದ್ರು. ‘ಐಎನ್‌ಎಸ್ ಕೋಲ್ಕತ್ತಾ’ 21 ಜನರನ್ನ ಎತ್ತಿಕೊಂಡಿತು. ಅವರಲ್ಲಿ ಭಾರತೀಯ ಒಬ್ಬರೇ. ಅಂದ್ರೆ ಹತ್ತಿರ ಯಾರ ಹಡಗಿದೆಯೋ ಅವರು ಓಡಬೇಕು, ಪಾಸ್‌ಪೋರ್ಟ್ ನೋಡ್ಕೊಂಡು ಕೂರೋ ಹಾಗಿಲ್ಲ. ಸಮುದ್ರದ ಹಳೇ ಧರ್ಮ ಅದು.

ಆದರೆ ಹಡಗನ್ನ ಹಿಡಿದಿಟ್ಟುಕೊಂಡ ಮೇಲೆ ನೌಕಾಪಡೆಗೆ ಮಾಡೋಕೆ ಹೆಚ್ಚೇನೂ ಉಳಿಯಲ್ಲ. 2023ರ ನವೆಂಬರ್ 19ರಂದು ಹೌತಿಗಳು ಕೆಂಪು ಸಮುದ್ರದಲ್ಲಿ ‘ಗ್ಯಾಲಕ್ಸಿ ಲೀಡರ್’ ಹಡಗನ್ನ ಹಿಡಿದ್ರು. ಒಳಗೆ ಫಿಲಿಪೀನ್ಸ್, ಬಲ್ಗೇರಿಯಾ, ಉಕ್ರೇನ್, ರೊಮೇನಿಯಾ, ಮೆಕ್ಸಿಕೋದ 25 ನಾವಿಕರು. ಇಲ್ಲೂ ಅದೇ ಕಥೆ. ಹಡಗಿನ ಮಾಲೀಕತ್ವಕ್ಕೆ ಇಸ್ರೇಲಿ ನಂಟು, ನಾವಿಕರಿಗೆ ಯಾವ ನಂಟೂ ಇಲ್ಲ. ಹೌತಿಗಳದ್ದು ಜಗತ್ತು ಮಾನ್ಯ ಮಾಡಿದ ಸರ್ಕಾರ ಅಲ್ಲ. ಅವರ ಹತ್ತಿರ ವಿಯೆನ್ನಾ ಒಪ್ಪಂದ ತೋರಿಸಿ ಏನು ಮಾಡ್ತೀರಿ? ಬಹುತೇಕ ದೇಶಗಳ ರಾಯಭಾರಿ ಅಲ್ಲಿಲ್ಲ, ಫೋನ್ ಮಾಡೋಕೆ ಯಾರೂ ಇಲ್ಲ. ಅವರ ಜೊತೆ ಮಾತು ಉಳಿಸಿಕೊಂಡಿದ್ದ ಕೆಲವೇ ದೇಶಗಳಲ್ಲಿ ಒಂದು ಒಮಾನ್. 2025ರ ಜನವರಿ 22ರಂದು, ಗಾಜಾ ಕದನ ವಿರಾಮದ ಬೆನ್ನಿಗೇ, ಆ 25 ಜನ ಒಮಾನಿನ ಮಧ್ಯಸ್ಥಿಕೆಯಿಂದ ಬಿಡುಗಡೆಯಾದ್ರು. 14 ತಿಂಗಳು. ಒಂದು ಮಗು ಹುಟ್ಟಿ ನಡೆಯೋಕೆ ಕಲಿಯೋ ಅಷ್ಟು ಕಾಲ ಅವರು ಮನೆ ನೋಡಲಿಲ್ಲ.

ಒಂದು ಪ್ರಶ್ನೆ. ಯುದ್ಧ ಮಾಡ್ತಿರೋ ಇಬ್ಬರು ಒಬ್ಬರ ಮುಖ ಒಬ್ಬರು ನೋಡಲ್ಲ ಅಂದ್ರೂ ಹಡಗುಗಳಿಗೆ ದಾರಿ ಮಾಡಬಹುದಾ? ಮಾಡಿದಾರೆ. 2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನ್ ಮೇಲೆ ದಾಳಿ ಶುರು ಮಾಡಿದಾಗ ಉಕ್ರೇನಿನ ಬಂದರುಗಳಲ್ಲಿ ಹಲವಾರು ದೇಶಗಳ ಹಡಗುಗಳು, ಸುಮಾರು 2,000 ನಾವಿಕರು ಸಿಕ್ಕಿಕೊಂಡ್ರು. ಹೊರಗೆ ಬಂದ್ರೆ ಮೈನ್, ಒಳಗಿದ್ರೆ ಶೆಲ್. ಬಾಂಗ್ಲಾದೇಶದ ‘ಬಾಂಗ್ಲಾರ್ ಸಮೃದ್ಧಿ’ ಹಡಗು ಬಂದರಿನಲ್ಲಿ ನಿಂತಿದ್ದಾಗಲೇ ಮಾರ್ಚ್ 2ರಂದು ದಾಳಿಗೆ ಸಿಕ್ಕಿ ಒಬ್ಬ ಎಂಜಿನಿಯರ್ ಸತ್ತರು.

ಜುಲೈ 22ರಂದು ಇಸ್ತಾಂಬುಲ್‌ನಲ್ಲಿ ಒಂದು ಒಪ್ಪಂದ ಆಯ್ತು. ಧಾನ್ಯ ಸಾಗಿಸೋ ಹಡಗುಗಳನ್ನ ಮುಟ್ಟಬಾರದು ಅಂತ. ಅದರ ವಿಶೇಷ ಏನು ಗೊತ್ತಾ? ರಷ್ಯಾ ಮತ್ತು ಉಕ್ರೇನ್ ಪರಸ್ಪರ ಸಹಿ ಮಾಡಲೇ ಇಲ್ಲ. ಉಕ್ರೇನ್ ಒಂದು ಪೇಪರಿಗೆ, ರಷ್ಯಾ ಅಂಥದ್ದೇ ಇನ್ನೊಂದು ಪೇಪರಿಗೆ, ಟರ್ಕಿ ಮತ್ತು ವಿಶ್ವಸಂಸ್ಥೆಯ ಜೊತೆ ಬೇರೆ ಬೇರೆಯಾಗಿ ಸಹಿ ಹಾಕಿದ್ವು. ಜಗಳ ಆಡಿ ಮಾತು ಬಿಟ್ಟ ಅಣ್ಣತಮ್ಮಂದಿರ ನಡುವೆ ಊರಿನ ಹಿರಿಯರು ಆ ಮನೆಗೂ ಈ ಮನೆಗೂ ಓಡಾಡ್ತಾರಲ್ಲ, ಹಾಗೆ. ಮರುದಿನವೇ ಒಡೆಸ್ಸಾ ಬಂದರಿಗೆ ಕ್ಷಿಪಣಿ ಬಿತ್ತು. ಮುಗೀತು ಕಥೆ ಅಂದ್ಕೊಂಡ್ರು ಎಲ್ಲರೂ. ಆದರೂ ಆಗಸ್ಟ್ 1ರಂದು ‘ರಜೋನಿ’ ಅನ್ನೋ ಹಡಗು 26,000 ಟನ್‌ಗೂ ಹೆಚ್ಚು ಮೆಕ್ಕೆಜೋಳ ತುಂಬಿಕೊಂಡು ಒಡೆಸ್ಸಾದಿಂದ ಹೊರಟಿತು. ಇಸ್ತಾಂಬುಲ್‌ನಲ್ಲಿ ರಷ್ಯಾ, ಉಕ್ರೇನ್, ಟರ್ಕಿ, ವಿಶ್ವಸಂಸ್ಥೆ, ನಾಲ್ಕೂ ಕಡೆಯವರ ತಂಡ ಹಡಗುಗಳನ್ನ ತಪಾಸಣೆ ಮಾಡ್ತಿತ್ತು. 2023ರ ಜುಲೈ 17ಕ್ಕೆ ರಷ್ಯಾ ಹಿಂದೆ ಸರಿಯೋ ಹೊತ್ತಿಗೆ ಸುಮಾರು 3.3 ಕೋಟಿ ಟನ್ ಧಾನ್ಯ ಹೊರಗೆ ಬಂದಿತ್ತು. ಶಾಂತಿ ಆಗಲಿಲ್ಲ, ಯುದ್ಧ ನಿಲ್ಲಲಿಲ್ಲ. ಆದರೆ ಒಂದು ವರ್ಷ ಆ ದಾರಿಯಲ್ಲಿ ಹಡಗು ಓಡಾಡಿದವು.

ಈಗ ನಮ್ಮ ರಾಜ್ಯದ ವಿಷಯಕ್ಕೆ ಬರ್ತೀನಿ. 2023ರ ಏಪ್ರಿಲ್ 15ರಂದು ಸುಡಾನಿನಲ್ಲಿ ಸೇನೆ ಮತ್ತು ಅರೆಸೇನಾ ಪಡೆ ನಡುವೆ ಕಾಳಗ ಶುರುವಾಯ್ತು. ಆಗ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದ 31 ಜನ ಎಲ್ ಫಾಶರ್ ಅನ್ನೋ ಊರಿನಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ ಅನ್ನೋ ಸುದ್ದಿ ಬಂತು. ಗಿಡಮೂಲಿಕೆ ಔಷಧಿ, ಎಣ್ಣೆ ಮಾರೋಕೆ ಆಫ್ರಿಕಾದ ದೇಶಗಳಿಗೆ ಹೋಗೋ ಜನ ಅವರು. ಅವರ ವಿಷಯ ಇಲ್ಲಿ ಚುನಾವಣೆ ಹೊತ್ತಿನ ಟ್ವಿಟರ್ ಜಗಳವೂ ಆಯ್ತು. ಸಿದ್ದರಾಮಯ್ಯ ಅವರು ಟ್ವೀಟ್ ಮಾಡಿದ್ರು, ಜೈಶಂಕರ್ ಇದರಲ್ಲಿ ರಾಜಕೀಯ ಬೇಡ ಅಂತ ಉತ್ತರಿಸಿದ್ರು. ಎರಡೂ ಪಕ್ಷದ ಬೆಂಬಲಿಗರು ಕಿತ್ತಾಡಿದ್ರು. ಆ ಹೊತ್ತಿಗೆ ಅಲ್ಲಿದ್ದವರಿಗೆ ಬೇಕಾಗಿದ್ದದ್ದು ಕುಡಿಯೋ ನೀರು ಮತ್ತು ಫೋನಲ್ಲಿ ಚಾರ್ಜು.

ರಾಜಧಾನಿ ಖಾರ್ಟೂಮ್‌ನಲ್ಲಿ ಗುಂಡಿನ ಸದ್ದು, ವಿಮಾನ ನಿಲ್ದಾಣವೇ ರಣರಂಗ. ಎಲ್ ಫಾಶರ್ ಇರೋದು ದೂರದ ದಾರ್ಫುರ್‌ನಲ್ಲಿ. ಭಾರತ ಸೌದಿ, ಯುಎಇ, ಅಮೆರಿಕ, ಬ್ರಿಟನ್, ವಿಶ್ವಸಂಸ್ಥೆ, ಎಲ್ಲರ ಜೊತೆ ಮಾತಾಡ್ತು. ಯಾಕೆ ಇಷ್ಟು ಜನರ ಜೊತೆ? ಯಾಕಂದ್ರೆ ಕಾದಾಡ್ತಿರೋ ಇಬ್ಬರು ಜನರಲ್‌ಗಳು ಯಾರ ಮಾತು ಕೇಳಬಹುದೋ ಅವರು ಇವರೇ. ಗುಂಡು ಸ್ವಲ್ಪ ಹೊತ್ತು ನಿಲ್ಲಲಿ ಅಂತ ಕದನ ವಿರಾಮ ಆದಾಗ ಬಸ್ಸುಗಳು ಪೋರ್ಟ್ ಸುಡಾನ್ ಕಡೆ ಹೊರಟವು. ಅಲ್ಲಿಂದ ನೌಕಾಪಡೆಯ ಹಡಗು, ವಾಯುಪಡೆಯ ವಿಮಾನದಲ್ಲಿ ಜಿದ್ದಾ, ಜಿದ್ದಾದಿಂದ ಭಾರತ. ಆ ಕಾರ್ಯಾಚರಣೆಗೆ ಇಟ್ಟ ಹೆಸರು ನಮ್ಮ ನದಿಯದ್ದೇ, ‘ಆಪರೇಷನ್ ಕಾವೇರಿ’. ಒಟ್ಟು 3,862 ಜನ ಬಂದ್ರು. ಹಕ್ಕಿಪಿಕ್ಕಿ ಕುಟುಂಬಗಳೂ ಊರು ಸೇರಿದವು.

ಎಲ್ಲರೂ ಬಂದ್ರು ಅಂತ ಹೇಳಿ ಸಂಚಿಕೆ ಮುಗಿಸಬಹುದಿತ್ತು. ಅದು ಪೂರ್ತಿ ಸತ್ಯ ಆಗಲ್ಲ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ನಮ್ಮ ಹಾವೇರಿ ಜಿಲ್ಲೆಯ ಮೆಡಿಕಲ್ ವಿದ್ಯಾರ್ಥಿ ತೀರಿಕೊಂಡ. ಊಟಕ್ಕೆ ಸಾಮಾನು ತರೋಕೆ ಅಂತ ಬಂಕರಿನಿಂದ ಹೊರಗೆ ಹೋಗಿದ್ದ. ಆಗ ‘ಆಪರೇಷನ್ ಗಂಗಾ’ ಶುರುವಾಗಿ ಮೂರ್ನಾಲ್ಕು ದಿನ ಆಗಿತ್ತಷ್ಟೇ. ಪಶ್ಚಿಮದ ಗಡಿಗಳಿಂದ ಜನ ಬರ್ತಾ ಇದ್ರು, ಆದರೆ ಖಾರ್ಕಿವ್ ಇರೋದು ಪೂರ್ವದಲ್ಲಿ, ರಷ್ಯಾ ಗಡಿಯ ಹತ್ತಿರ. ಅಲ್ಲಿಗೆ ಬಸ್ಸು ಹೋಗೋ ಸ್ಥಿತಿ ಇರಲಿಲ್ಲ.

ಅದಾದ ಕೆಲವು ದಿನಕ್ಕೆ ಸುಮಿ ಅನ್ನೋ ಊರಲ್ಲಿ ಸುಮಾರು 700 ಭಾರತೀಯ ವಿದ್ಯಾರ್ಥಿಗಳು ಸಿಕ್ಕಿದ್ರು. ಹಿಮ ಕರಗಿಸಿ ನೀರು ಕುಡಿಯೋ ವಿಡಿಯೋಗಳು ನಿಮಗೂ ಬಂದಿರಬೇಕು. ಮಾರ್ಚ್ 7ರಂದು ಪ್ರಧಾನಿ ಮೋದಿ ಜೆಲೆನ್‌ಸ್ಕಿ ಜೊತೆಗೂ ಪುಟಿನ್ ಜೊತೆಗೂ ಮಾತಾಡಿದ್ರು. ಅವತ್ತು ಬಸ್ ಹತ್ತಿದ ಮಕ್ಕಳನ್ನ ದಾರಿ ಸುರಕ್ಷಿತವಲ್ಲ ಅಂತ ಮತ್ತೆ ಇಳಿಸಿದ್ರು. ಮರುದಿನ, 8ರಂದು, ಬಸ್ಸು ಹೊರಟು ಪೊಲ್ತಾವ ಸೇರಿತು. ಅಲ್ಲಿಂದ ರೈಲು, ಆಮೇಲೆ ಗಡಿ. ಎರಡು ಫೋನ್ ಕರೆ ಆದ ಮೇಲೂ ಒಂದು ದಿನ ಕಾಯಬೇಕಾಯ್ತು. ಯಾಕಂದ್ರೆ ದೆಹಲಿ, ಕೀವ್, ಮಾಸ್ಕೋದಲ್ಲಿ ಒಪ್ಪಿಗೆ ಆದ್ರೂ ಅದು ಚೆಕ್‌ಪೋಸ್ಟಿನಲ್ಲಿ ಬಂದೂಕು ಹಿಡಿದು ನಿಂತಿರೋ ಹುಡುಗನ ತನಕ ತಲುಪಬೇಕು. ಹಾವೇರಿಯ ಹುಡುಗನ ವಿಷಯದಲ್ಲಿ ಅಂಥ ದಾರಿ ತೆರೆಯೋ ಮೊದಲೇ ಎಲ್ಲ ಮುಗಿದಿತ್ತು. ಅವನ ಮೃತದೇಹ ಊರಿಗೆ ಬಂದಿದ್ದು ಮಾರ್ಚ್ 21ಕ್ಕೆ. ರಾಜತಾಂತ್ರಿಕತೆಗೆ ಈ ಮಿತಿ ಇದೆ. ಮಾತು ಶುರುವಾಗಿ ಅದು ರಸ್ತೆಗೆ ತಲುಪೋ ತನಕದ ಸಮಯ ಇದೆಯಲ್ಲ, ಆ ಸಮಯದಲ್ಲಿ ಜನ ಒಬ್ಬರೇ ಇರ್ತಾರೆ.

ಹಾಗಾಗಿ ಕುಂದಾಪುರದ ಕೇಳುಗರಿಗೆ, ಮತ್ತೆ ಹೊರಗೆ ಓದೋಕೆ, ದುಡಿಯೋಕೆ ಹೋಗೋ ಎಲ್ಲರಿಗೂ ಕೆಲವು ಕೆಲಸದ ಮಾತು. ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ.

ಮೊದಲನೇದು, ತಮ್ಮನ ಹಡಗಿನ ಹೆಸರು, ಅದರ ಐಎಂಒ ನಂಬರ್, ಬಾವುಟದ ದೇಶ, ಕೆಲಸಕ್ಕೆ ಕಳಿಸಿದ ಏಜೆನ್ಸಿಯ ಹೆಸರು ಮತ್ತು ಫೋನ್ ನಂಬರ್, ಇವನ್ನ ಒಂದು ಹಾಳೆಯಲ್ಲಿ ಬರೆದು ಮನೆಯಲ್ಲಿಡಿ. ಹಡಗಿನ ಹೆಸರು, ಬಾವುಟ, ಮಾಲೀಕರು ಬದಲಾಗ್ತಾರೆ, ಐಎಂಒ ನಂಬರ್ ಬದಲಾಗಲ್ಲ. ಪಾಸ್‌ಪೋರ್ಟ್, ಸಿಡಿಸಿ, ಒಪ್ಪಂದದ ಫೋಟೋ ನಿಮ್ಮ ಫೋನಲ್ಲೂ ಇರಲಿ.

ಎರಡನೇದು, ಏಜೆನ್ಸಿಗೆ ನಮ್ಮ ಡಿಜಿ ಶಿಪ್ಪಿಂಗ್‌ನ ಆರ್‌ಪಿಎಸ್‌ಎಲ್ ಲೈಸೆನ್ಸ್ ಇದೆಯಾ ಅಂತ ಅವರ ವೆಬ್‌ಸೈಟಿನಲ್ಲೇ ನೋಡಿ. ಲೈಸೆನ್ಸ್ ಇಲ್ಲದ ಏಜೆಂಟ್ ಮೂಲಕ ಹೋದವರ ಹೆಸರು ಎಷ್ಟೋ ಸಲ ಸರ್ಕಾರದ ಯಾವ ಪಟ್ಟಿಯಲ್ಲೂ ಇರಲ್ಲ. ಪಟ್ಟಿಯಲ್ಲಿ ಇಲ್ಲದವರನ್ನ ಹುಡುಕೋದು ಬಹಳ ಕಷ್ಟ.

ಮೂರನೇದು, ಯುದ್ಧದಂಥ ಅಪಾಯ ಇದೆ ಅಂತ ಘೋಷಿಸಿದ ಸಮುದ್ರಕ್ಕೆ ಹಡಗು ಹೋಗೋದಾದ್ರೆ, ಅಂತರರಾಷ್ಟ್ರೀಯ ಯೂನಿಯನ್ ಒಪ್ಪಂದ ಇರೋ ಹಡಗುಗಳಲ್ಲಿ ‘ನಾನು ಬರಲ್ಲ’ ಅನ್ನೋ ಹಕ್ಕು ನಾವಿಕನಿಗೆ ಇದೆ. ಕಂಪನಿ ಖರ್ಚಿನಲ್ಲೇ ಊರಿಗೆ ಕಳಿಸಬೇಕು. ತಮ್ಮನ ಒಪ್ಪಂದದಲ್ಲಿ ಇದು ಇದೆಯಾ ಅಂತ ಈಗಲೇ ಓದಿ ನೋಡೋಕೆ ಹೇಳಿ. ಮೊದಲನೇ ಹಡಗಿನ ಹುಡುಗರು ಕೆಲಸ ಹೋಗುತ್ತೆ ಅಂತ ಹೆದರಿ ಕೇಳೋದೇ ಇಲ್ಲ.

ನಾಲ್ಕನೇದು, ಹೊರದೇಶದಲ್ಲಿ ಓದ್ತಿರೋರು, ಕೆಲಸ ಮಾಡ್ತಿರೋರು ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿ. ತೊಂದರೆ ಆದ್ರೆ ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲ್ ಇದೆ, ದೂರು ದಾಖಲಿಸಿದ್ರೆ ನಂಬರ್ ಸಿಗುತ್ತೆ. ‘ತಾತ್ಕಾಲಿಕವಾಗಿ ದೇಶ ಬಿಟ್ಟು ಹೊರಡಿ’ ಅಂತ ರಾಯಭಾರ ಕಚೇರಿ ಸೂಚನೆ ಕೊಟ್ಟಾಗ, ಎಲ್ಲ ಸರಿ ಹೋಗುತ್ತೆ ಅಂತ ಕಾಯಬೇಡಿ. ವಿಮಾನ ಹಾರ್ತಾ ಇರುವಾಗಲೇ ಹೊರಡಿ.

ಕೊನೇದಾಗಿ ನಮ್ಮ ನಿಮ್ಮಂಥ ಮೊಬೈಲ್ ಹಿಡಿದು ಕೂತಿರೋರಿಗೆ ಒಂದು ಮಾತು. ಯಾವುದೋ ಯುದ್ಧದಲ್ಲಿ ನಮ್ಮ ದೇಶ ಯಾಕೆ ಜೋರಾಗಿ ಖಂಡಿಸ್ತಿಲ್ಲ, ಯಾಕೆ ಆ ಕಡೆಯವರಿಗೂ ಕೈ ಕುಲುಕ್ತಾರೆ ಅಂತ ನಮಗೆ ಸಿಟ್ಟು ಬರುತ್ತೆ. ಬರಲಿ, ಕೇಳೋಣ. ಕುವೈತಿನ ಉದಾಹರಣೆಯಲ್ಲಿ ನೋಡಿದ ಹಾಗೆ ಆ ಪ್ರಶ್ನೆ ನ್ಯಾಯದ್ದೇ. ಆದರೆ ಕೇಳುವಾಗ, ಆ ಕೈ ಕುಲುಕಿದ್ದರಿಂದಲೇ ಯಾವುದೋ ಹಡಗಿನಿಂದ, ಯಾವುದೋ ಹಾಸ್ಟೆಲ್ಲಿನ ನೆಲಮಾಳಿಗೆಯಿಂದ ಯಾರೋ ಮನೆಗೆ ಬರ್ತಿರಬಹುದು ಅನ್ನೋದೂ ಲೆಕ್ಕದಲ್ಲಿರಲಿ.

ಕುಂದಾಪುರದ ಅಕ್ಕ, ನಿಮ್ಮ ಅಮ್ಮನಿಗೆ ಇದನ್ನ ಕೇಳಿಸಿ. ಪೂರ್ತಿ ನಿದ್ದೆ ಬರುತ್ತೆ ಅಂತ ಹೇಳಲಾರೆ. ಆದರೆ ಯಾರನ್ನ ಕೇಳಬೇಕು ಅನ್ನೋದಾದ್ರೂ ಗೊತ್ತಿರುತ್ತೆ. ತಮ್ಮ ರಜೆಗೆ ಬಂದಾಗ ಇನ್ನೊಂದು ವಾಯ್ಸ್ ನೋಟ್ ಕಳಿಸಿ, ಅವನ ದನಿಯಲ್ಲೇ.